ಅಕ್ಕನ ಪಾಲಿನ ಮೂಲೆ

ನಮ್ಮಕ್ಕ ಒಂದು ತುಂಡು ಪಾಸ್ತಾಕ್ಕಾಗಿ ಸೇಡು ತೀರಿಸಿಕೊಂಡಳು ಎಂದರೆ ಜನ ನಗುತ್ತಾರೆ. ನಗುವವರು ನಗಲಿ. ಅವರವರ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ತಟ್ಟೆ ಹಾಕಿಕೊಳ್ಳುವವರು ಯಾರೆಂದು ಮೊದಲು ನೋಡಿಕೊಂಡು ಬರಲಿ, ಆಮೇಲೆ ಮಾತಾಡೋಣ.

ಅಕ್ಕ ತಗಡಿನ ವರ್ಕ್‌ಶಾಪಿಗೆ ಸೇರಿ ಹದಿನಾರು ವರ್ಷವಾಯಿತು. ದೊಡ್ಡ ಕಟ್ಟಡಗಳ ಒಳಗೆ ಗಾಳಿ ಹರಿಯಲು ಚೌಕದ ಕೊಳವೆಗಳಿರುತ್ತವಲ್ಲ, ಅಲ್ಲಿ ಮಾಡುವುದು ಅವನ್ನು. ತಗಡು ಕತ್ತರಿಸುವುದನ್ನು ಯಾರಾದರೂ ಕಲಿತಾರು, ಮೂಲೆ ಮಡಚುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಳಿ ಸೋರಿ ಕೊಳವೆ ಸಿಳ್ಳೆ ಹೊಡೆಯುತ್ತದೆ. ಅಕ್ಕ ಮಡಚಿದ ಮೂಲೆಯಲ್ಲಿ ನೀರು ತುಂಬಿಸಿಟ್ಟರೂ ಒಂದು ಹನಿ ಇಳಿಯದು. ನಾನು ಅದೇ ವರ್ಕ್‌ಶಾಪಿನಲ್ಲಿ ಆರ್ಡರ್ ಬರೆದುಕೊಳ್ಳುವವಳು, ಇವಳ ಬೆನ್ನಿಗೆ ಬಿದ್ದ ತಂಗಿ. ಹಾಗಾಗಿ ನಾನು ಹೇಳುತ್ತಿರುವುದೆಲ್ಲ ಕಣ್ಣಾರೆ ಕಂಡದ್ದು.

ಅಕ್ಕನ ಮನೆಯಲ್ಲಿ ಐದು ಜನ. ಭಾವ ಕಾರು ಓಡಿಸುವುದನ್ನು ಕಲಿಸುತ್ತಾರೆ. ಅವರಿಗೆ ಮರ್ಯಾದೆ ಕೊಟ್ಟು ಬರೆಯುತ್ತಿರುವುದು ಬರೀ ಅಭ್ಯಾಸಬಲದಿಂದ, ಇದು ನಿಮಗೆ ಗೊತ್ತಿರಲಿ. ಅವರ ತಾಯಿ, ಅಂದರೆ ಅಕ್ಕನ ಅತ್ತೆ, ಮಂಡಿನೋವಿನ ವ್ಯಾಯಾಮಕ್ಕೆ ಹೋಗಿಬರುತ್ತಾರೆ. ಹನ್ನೆರಡರ ಮಗಳಿಗೆ ಈಜಿನ ಕ್ಲಾಸು, ಒಂಬತ್ತರ ಮಗನಿಗೆ ಫುಟ್‌ಬಾಲು. ಬುಧವಾರ ಈ ನಾಲ್ವರೂ ಸರಿಯಾಗಿ ಏಳು ಗಂಟೆಗೆ "ಊಟ ಆಯ್ತಾ?" ಎನ್ನುತ್ತಲೇ ಬಾಗಿಲು ತಳ್ಳಿಕೊಂಡು ಬರುತ್ತಾರೆ. ಅಕ್ಕ ಮನೆ ಮುಟ್ಟುವುದೇ ಐದೂಮುಕ್ಕಾಲಿಗೆ. ಅದಕ್ಕೇ ಬುಧವಾರವೆಂದರೆ ಪಾಸ್ತಾ.

ಮಾಡುವುದೇನೋ ಸುಲಭ. ಪಾಸ್ತಾವನ್ನು ಬೇಯಿಸುವ ಗೋಜೇ ಇಲ್ಲ, ಹಸಿಯದನ್ನೇ ಟ್ರೇಗೆ ಸುರಿಯುತ್ತಾಳೆ. ಟೊಮೆಟೊ ಸಾಸಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ನೋಡಿದವರು ಇದೇನಿಷ್ಟು ನೀರು ಎಂದು ಗಾಬರಿಯಾಗುವಷ್ಟು ತೆಳ್ಳಗೆ ಮಾಡಿ ಮೇಲೆ ಹೊಯ್ಯುತ್ತಾಳೆ. ಒಂದು ಹಿಡಿ ಚೀಸ್ ಕಲಸಿ, ಫಾಯಿಲ್ ಬಿಗಿಯಾಗಿ ಮುಚ್ಚಿ, ಓವನ್ನಿನಲ್ಲಿ ನಲವತ್ತು ನಿಮಿಷ. ಆಮೇಲೆ ಫಾಯಿಲ್ ತೆಗೆದು, ಉಳಿದ ಚೀಸನ್ನೆಲ್ಲ ಧಾರಾಳವಾಗಿ ಉದುರಿಸಿ ಮತ್ತೆ ಹದಿನೈದು ನಿಮಿಷ. ಅಷ್ಟರಲ್ಲಿ ಅಕ್ಕನ ಸ್ನಾನ ಮುಗಿದಿರುತ್ತದೆ, ಬಟ್ಟೆ ಮಷೀನಿಗೆ ಬಿದ್ದಿರುತ್ತದೆ. ಟ್ರೇಯ ನಡುವಿನ ಭಾಗ ಮೆತ್ತಗೆ, ಅಂಚು ಗರಿಗರಿ. ಮೂಲೆಗಳಿಗಂತೂ ಎರಡು ಕಡೆಯಿಂದ ಕಾವು ತಾಗಿ, ಚೀಸ್ ಕಂದುಬಣ್ಣಕ್ಕೆ ತಿರುಗಿ, ಕಚ್ಚಿದರೆ ಕರುಂ ಎಂದು ಪಕ್ಕದವರಿಗೂ ಕೇಳಿಸಬೇಕು. ಟ್ರೇಗೆ ಇರುವುದು ನಾಲ್ಕೇ ಮೂಲೆ, ತಿನ್ನುವವರು ಐವರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಮೂಲೆ ಸಿಗದವಳು ಯಾವಾಗಲೂ ಅಕ್ಕನೇ.

ಹಳೆಯ ಮೇಸ್ತ್ರಿ ಕೆಲಸದಿಂದ ನಿವೃತ್ತರಾಗಿ ಅವರ ಜಾಗಕ್ಕೆ ಅಕ್ಕನನ್ನು ನೇಮಿಸಿದ್ದು ಒಂದು ಬುಧವಾರ. ಆ ವರ್ಕ್‌ಶಾಪಿಗೆ ಅವಳೇ ಮೊದಲ ಹೆಂಗಸು ಮೇಸ್ತ್ರಿ. ಆ ಸಂಜೆ ನಾನೂ ಊಟಕ್ಕೆ ಹೋಗಿದ್ದೆ. ಅಕ್ಕ ಟ್ರೇ ಇಳಿಸಿದವಳೇ ಒಂದು ಮೂಲೆ ಕತ್ತರಿಸಿ ಬೇರೆ ತಟ್ಟೆಗೆ ಹಾಕಿ ಮುಚ್ಚಿಟ್ಟಳು.

"ಇವತ್ತು ಇದೊಂದು ನಂದು. ಯಾರೂ ಮುಟ್ಟಬೇಡಿ" ಅಂದಳು. ಎಲ್ಲರೂ ತಲೆಯಾಡಿಸಿದರು.

ಅಷ್ಟರಲ್ಲಿ ವರ್ಕ್‌ಶಾಪಿನಿಂದ ಫೋನ್ ಬಂತು. ನಾವಿಬ್ಬರೂ ಒಳಗಿನ ಕೋಣೆಗೆ ಹೋಗಿ ಎರಡು ನಿಮಿಷ ಮಾತಾಡಿ ಬಂದೆವು. ಬಂದು ನೋಡಿದರೆ ಮುಚ್ಚಳ ಪಕ್ಕಕ್ಕಿತ್ತು, ತಟ್ಟೆ ಖಾಲಿ. ಭಾವ ಬೆರಳು ನೆಕ್ಕುತ್ತಿದ್ದರು.

"ಅದು ನಂದು ಅಂದಿದ್ದೆ" ಅಂದಳು ಅಕ್ಕ.

"ಕೇಳಿಸ್ತು ಕಣೇ. ತಮಾಷೆಗೆ ಅಂದೆ ಅಂದ್ಕೊಂಡೆ."

ಅತ್ತೆ ಕಿಲಕಿಲ ನಕ್ಕು, "ವರ್ಕ್‌ಶಾಪಿಗೆಲ್ಲಾ ಮೇಸ್ತ್ರಿ, ತನ್ನ ತಟ್ಟೆ ಕಾಯೋಕೆ ಬರಲ್ಲ" ಅಂದರು. ಮಕ್ಕಳೂ ನಕ್ಕವು. ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕ ಮಾತ್ರ ಮುಗುಳ್ನಕ್ಕಳು. ಆ ನಗು ನನಗೆ ಚೆನ್ನಾಗಿ ಗೊತ್ತು. ಚಿಕ್ಕವಳಿದ್ದಾಗ ನಾನು ಅವಳ ಛತ್ರಿ ಮುರಿದಾಗಲೂ ಹೀಗೇ ನಕ್ಕಿದ್ದಳು. ಅದಾದ ಮೇಲೆ ಒಂದು ತಿಂಗಳು ನನ್ನ ಚಪ್ಪಲಿಯ ಎಡಗಾಲಿನದು ದಿನವೂ ಬೇರೆ ಬೇರೆ ಕಡೆ ಸಿಗುತ್ತಿತ್ತು.

ಮಾರನೆಯ ದಿನ ಕೆಲಸದ ಹೊತ್ತಿನಲ್ಲಿ ಅವಳ ಬೆಂಚಿನ ಹತ್ತಿರ ಹೋಗಿ, "ಅಕ್ಕಾ, ಮುಂದಿನ ವಾರ ಎರಡು ಹಿಡಿ ಮೆಣಸಿನ ಪುಡಿ ಸುರಿದುಬಿಡು" ಅಂದೆ.

"ಖಾರ ನೀರು ಕುಡಿದ್ರೆ ಹೋಗುತ್ತೆ. ಇದು ಹೋಗಬಾರ್ದು" ಅಂದಳು.

ಚೀಲದಿಂದ ಮನೆಯ ಹಳೆಯ ಟ್ರೇ ತೆಗೆದು ಪ್ರೆಸ್ ಮಷೀನಿನ ಅಡಿಗಿಟ್ಟಳು. ಧಡ್! ಹದಿನಾಲ್ಕು ವರ್ಷದ ಟ್ರೇ ಚಪ್ಪಟೆಯಾಯಿತು. ಊಟದ ಬಿಡುವಿನಲ್ಲಿ, ಉಳಿಕೆ ಸ್ಟೀಲ್ ತಗಡಿನಿಂದ ಎರಡು ಹೊಸ ಟ್ರೇ ಮಾಡಿದಳು. ಒಂದು ದೊಡ್ಡದು, ದುಂಡಗೆ. ಇನ್ನೊಂದು ಅಂಗೈಯಗಲದ್ದು, ಚೌಕ, ನಾಲ್ಕೂ ಮೂಲೆ ಅಚ್ಚುಕಟ್ಟು. ಅಂಥ ಮೂಲೆಗಳನ್ನು ಅವಳು ಯಾವ ಗಿರಾಕಿಗೂ ಮಾಡಿಕೊಟ್ಟದ್ದನ್ನು ನಾನು ಕಾಣೆ.

ಮುಂದಿನ ಬುಧವಾರ ನಾನು ಕರೆಯದೆಯೇ ಹೋದೆ. ಇಂಥದ್ದನ್ನು ತಪ್ಪಿಸಿಕೊಳ್ಳುವಷ್ಟು ಒಳ್ಳೆಯವಳಲ್ಲ ನಾನು. ದುಂಡನೆಯ ಟ್ರೇ ಮೇಜಿನ ನಡುವೆ ಬಂದು ಕೂತಿತು. ಅದಕ್ಕೆ ಅಕ್ಕ ಕೊನೆಯವರೆಗೂ ಫಾಯಿಲ್ ತೆಗೆದಿರಲಿಲ್ಲ, ಒಂದು ಕಡೆಯೂ ಗರಿಯಿಲ್ಲದೆ ಇಡೀ ಟ್ರೇ ಮೆತ್ತಗಿತ್ತು. ಮಗ ಚಾಕು ಹಿಡಿದು ಟ್ರೇಯನ್ನು ಒಂದು ಸುತ್ತು ತಿರುಗಿಸಿದ. "ಅಮ್ಮಾ, ಮೂಲೆ ಎಲ್ಲಿ?"

ಅಕ್ಕ ತನ್ನ ಪುಟ್ಟ ಟ್ರೇ ತಂದು ಮುಂದಿಟ್ಟುಕೊಂಡು ಕೂತಳು. ನಾಲ್ಕು ಮೂಲೆಯೂ ಕಂದುಬಣ್ಣ, ಚೀಸ್ ಇನ್ನೂ ಗುಳ್ಳೆಯೇಳುತ್ತಿತ್ತು. ಮೊದಲನೆಯದನ್ನು ಎತ್ತಿ ಕಚ್ಚಿದಳು. ಕರುಂ. ಅವಸರವಿಲ್ಲದೆ ಅಗಿದಳು. ಎರಡನೆಯದು. ಕರುಂ. ಭಾವ ಇಂಗು ತಿಂದ ಮಂಗನ ಹಾಗೆ ನೋಡುತ್ತಿದ್ದರು. ನನಗೂ ಒಂದು ಚೂರು ಸಿಗಲಿಲ್ಲ, ಆದರೂ ಹೊಟ್ಟೆ ತುಂಬಿತು.

"ಇದೇನೇ ಇದು, ಮಕ್ಕಳ ಮುಂದೆ?" ಅಂದರು ಅತ್ತೆ.

"ತಮಾಷೆಗೆ ಅತ್ತೆ" ಅಂದಳು ಅಕ್ಕ.

ಹೀಗೆ ಎಂಟು ಬುಧವಾರ ನಡೆಯಿತು, ನಾನು ಒಂದನ್ನೂ ತಪ್ಪಿಸಲಿಲ್ಲ. ಮೂರನೆಯ ವಾರ ಭಾವ ಅಂಗಡಿಯಿಂದ ಹೊಸದೊಂದು ಚೌಕದ ಟ್ರೇ ತಂದು, ಏನೂ ಆಗದವರ ಹಾಗೆ ಅಡುಗೆಮನೆಯಲ್ಲಿಟ್ಟರು. ಮಾರನೆಯ ದಿನ ಅದೂ ಪ್ರೆಸ್ಸಿನ ಅಡಿ ಹೋಯಿತು. ಮಗ ಗೋಗರೆದ, ಮಗಳು ಮುಖ ಊದಿಸಿಕೊಂಡಳು. ಅಕ್ಕ ಎಳ್ಳಷ್ಟೂ ಕರಗಲಿಲ್ಲ. ಒಂದು ಸಲ ಮಾತ್ರ ನಾನೇ, "ಸಾಕೇನೋ ಅಕ್ಕಾ" ಅಂದೆ. "ಯಾರಾದ್ರೂ ಒಬ್ರು, ನಿನ್ ಪಾಲು ತಿಂದುಬಿಟ್ವಿ, ತಪ್ಪಾಯ್ತು ಅನ್ನಲಿ. ಆವಾಗ ಸಾಕು" ಅಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅದೊಂದನ್ನು ಬಿಟ್ಟು ಆ ಮನೆಯವರು ಮಿಕ್ಕೆಲ್ಲ ಮಾತನ್ನೂ ಆಡಿದರು.

ಎಂಟನೆಯ ಬುಧವಾರ ಭಾವನ ತಾಳ್ಮೆ ಕೆಟ್ಟಿತು. ತಟ್ಟೆ ದೂಡಿ ಎದ್ದು ನಿಂತರು.

"ಆ ಒಂದಿನ ಬಿಟ್ರೆ ಮೂಲೆ ಬೇಕು ಅಂತ ಯಾವತ್ತಾದ್ರೂ ಬಾಯಿಬಿಟ್ಟು ಹೇಳಿದ್ಯಾ ನೀನು? ಮದುವೆಯಾದ ಹೊಸತರಲ್ಲಿ ನಾನೇ ಎತ್ತಿ ನಿನ್ ತಟ್ಟೆಗೆ ಹಾಕ್ದೆ. ನೀನೇ ವಾಪಸ್ ಹಾಕಿ, ನಂಗೆ ಮೆತ್ತಗಿರೋದೇ ಇಷ್ಟ ಅಂದೆ. ಅಮ್ಮನೂ ಇದ್ರು, ಕೇಳು!"

ಅತ್ತೆ ಹೌದೆಂದು ತಲೆಯಾಡಿಸಿದರು. ನಾನು ಅಕ್ಕನ ಮುಖ ನೋಡಿದೆ, ಸುಳ್ಳು ಅನ್ನಲಿ ಎಂದು ಕಾದೆ. ಅವಳು ಅನ್ನಲಿಲ್ಲ. ಮರೆತೇ ಹೋಗಿದ್ದದ್ದು ಅವಳಿಗೆ ಈಗ ನೆನಪಿಗೆ ಬಂದಿತ್ತು. ಆ ಮಾತು ಅವಳ ಬಾಯಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮಮ್ಮ ಕೊನೆಗೆ ಕೂತು, ಪಾತ್ರೆಯಲ್ಲಿ ಏನು ಉಳಿದಿದೆಯೋ ಅದೇ ತನಗೆ ಇಷ್ಟ ಎನ್ನುತ್ತಿದ್ದಳು. ನಾವಿಬ್ಬರೂ ನಂಬಿ ಹೊಟ್ಟೆತುಂಬ ತಿಂದೆವು. ಭಾವನ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಗಳಿಗೆಯಲ್ಲಿ ತಿರುಗಿ ನನಗೇ ಚುಚ್ಚಿತು.

"ಹೌದು, ಅಂದಿದ್ದೆ. ಹೊಸ ಮನೆ, ಒಳ್ಳೆಯವಳು ಅನ್ನಿಸ್ಕೋಬೇಕಿತ್ತು. ಆದ್ರೆ ಹದಿನಾಲ್ಕು ವರ್ಷದಲ್ಲಿ ಇನ್ನೊಂದ್ಸಲ ಕೇಳಿದ್ರಾ ನೀವು? ಕೇಳಲಿಲ್ಲ, ಯಾಕಂದ್ರೆ ನಂಬಿದ್ರೆ ನಿಮಗೇ ಲಾಭ ಇತ್ತು" ಅಂದಳು ಅಕ್ಕ. ದನಿ ಏರಿಸಲಿಲ್ಲ. ಭಾವ ದೂಡಿದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡು ಕೂತುಬಿಟ್ಟರು. ತಪ್ಪಾಯ್ತು ಎಂದು ಮಾತ್ರ ಅನ್ನಲಿಲ್ಲ.

ಒಂಬತ್ತನೆಯ ಬುಧವಾರ ಅಕ್ಕ ಪುಟ್ಟ ಟ್ರೇಯನ್ನು ನಾಲ್ಕು ಭಾಗ ಮಾಡಿ, ಎರಡು ಮೂಲೆ ಮಕ್ಕಳ ತಟ್ಟೆಗೆ ಹಾಕಿದಳು. ದೊಡ್ಡವರಿಬ್ಬರಿಗೂ ದುಂಡನೆಯದೇ ಗತಿ. ಮಗ ಎರಡೇ ಬಾಯಿಗೆ ಮುಗಿಸಿ ಅಕ್ಕಪಕ್ಕ ನೋಡತೊಡಗಿದ. ಮಗಳು ತನ್ನ ತುಂಡನ್ನು ಒಂದು ಸಲ ಮೂಸಿ, ಮೆಲ್ಲಗೆ ತಮ್ಮನ ತಟ್ಟೆಗೆ ಜಾರಿಸಿದಳು.

"ನೀನೇ ತಿನ್ನೋ. ನಂಗೆ ಮೆತ್ತಗಿರೋದೇ ಇಷ್ಟ."

ಅಕ್ಕ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಎಂಟು ವಾರ ಭಾವನ ಮೇಲೂ ಅತ್ತೆಯ ಮೇಲೂ ಬಾರದಿದ್ದ ಕೋಪ ಆಗ ಅವಳ ಮುಖದಲ್ಲಿತ್ತು. ಮಗನ ತಟ್ಟೆಯಿಂದ ಆ ತುಂಡು ಕಿತ್ತು ಮಗಳ ಕೈಗೆ ಕೊಟ್ಟಳು.

"ಸುಳ್ಳು ಹೇಳ್ಬೇಡ. ತಿನ್ನು."

"ಅಮ್ಮಾ, ಅವನಿಗೆ..."

"ಅವನಿಗೆ ಸಿಕ್ಕಿದೆ. ಇದು ನಿಂದು. ನನ್ ಮುಂದೆ ತಿನ್ನು."

ಮಗಳು ಅಳುತ್ತಲೇ ಕಚ್ಚಿದಳು. ಕರುಂ ಎಂದು ಮೇಜಿಗೆಲ್ಲ ಕೇಳಿಸಿತು. ಅವಳು ನುಂಗುವವರೆಗೂ ಅಕ್ಕ ನಿಂತೇ ಇದ್ದಳು. ಭಾವ ಚಮಚ ಕೆಳಗಿಟ್ಟರು. ಮಗಳನ್ನು ನೋಡುತ್ತ, "ತಪ್ಪಾಯ್ತು ಕಣೇ" ಅಂದರು, ಅದು ಅಕ್ಕನಿಗೆ ಎಂದು ಎಲ್ಲರಿಗೂ ತಿಳಿಯಿತು.

ಅಕ್ಕ ಅವರ ಕಡೆ ನೋಡಲೂ ಇಲ್ಲ. ಕುರ್ಚಿ ಎತ್ತಿಕೊಂಡು ಕೂತು ತನ್ನ ಒಂದು ಮೂಲೆ ತಿಂದಳು. ಟ್ರೇಯಲ್ಲಿ ಒಂದು ಉಳಿದಿತ್ತು. ಮಗಳು ಕಣ್ಣೊರೆಸಿಕೊಂಡು, ತುಟಿಯ ಮೇಲಿನ ಚೀಸ್ ನೆಕ್ಕಿ, ತಟ್ಟೆ ಮುಂದೆ ತಳ್ಳಿದಳು.

"ನಂಗೆ ಇನ್ನೊಂದು ಬೇಕು."

"ಮುಂದಿನ ವಾರ ನಿಂಗೇ ಒಂದು ಟ್ರೇ ಮಾಡ್ಕೊಡ್ತೀನಿ" ಅಂದಳು ಅಕ್ಕ. "ಇದು ನಂದು." ಮಗಳು ನೋಡುತ್ತಿದ್ದ ಹಾಗೆಯೇ ಅದನ್ನೂ ಎತ್ತಿ ತಿಂದಳು.