ಉಚ್ಚಂಗಮ್ಮನ ಎದೆ ಮತ್ತು ಒಂದು ಲೋಟ ಕಾಫಿ

ಬೆಳಗಿನ ಐದೂವರೆ. ಮಾಡದಕೆರೆ ಕಡೆಯ ಜಲ್ಲಿ ಕ್ರಷರ್ ಇನ್ನೂ ಶುರುವಾಗಿಲ್ಲ. ಐವತ್ತೆರಡರ ಉಚ್ಚಂಗಮ್ಮ ಮೂರು ಕಲ್ಲಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆಲ್ಲ ಹಾಕಿದ ಹಾಲಿಲ್ಲದ ಕಾಫಿ ಹೀರುತ್ತಾರೆ. ಲೋಟ ಬರಿದಾದರೂ ಏಳುವುದಿಲ್ಲ. ಎದೆಯೊಳಗಿನ ಸುಂಯ್ ಸದ್ದು ಇಳಿಯಲೆಂದು ಕಾಯುತ್ತಾರೆ.

"ಕಾಫಿ ಕುಡುದ್ರೆ ಉಸ್ರು ಒಂಚೂರು ಸಲೀಸಾಗ್ತೈತೆ. ಇಲ್ಲಾಂದ್ರೆ ಆ ಏರು ಹತ್ತಾಕೆ ಮೂರು ಕಡೆ ನಿಲ್ಬೇಕು. ಕುಡುದ್ರೆ ಒಂದೇ ಕಡೆ."

ಆ ಏರು ನಲವತ್ತು ಹೆಜ್ಜೆ. ಯಂತ್ರದಡಿ ಬಿದ್ದ ಕಲ್ಲುಪುಡಿಯನ್ನು ಪುಟ್ಟಿಗೆ ತುಂಬಿ, ತಲೆ ಮೇಲೆ ಹೊತ್ತು, ಮೇಲಿನ ರಾಶಿಗೆ ಸುರಿಯಬೇಕು. ದಿನಕ್ಕೆ ನೂರಿಪ್ಪತ್ತು ಪುಟ್ಟಿ. ಹೀಗೇ ಹದಿನೇಳು ವರ್ಷ. ಇಲ್ಲಿಯ ಜಲ್ಲಿ ಹಾಸಿದ ರಸ್ತೆಯಲ್ಲಿ ಕಾರು ಓಡಿಸುವ ನಮಗೆ ಈ ಹೆಂಗಸಿನ ಹೆಸರೂ ಗೊತ್ತಿಲ್ಲ.

ಇವರ ಗಂಡ ಇದೇ ಧೂಳು ಕುಡಿದು, ಕೆಮ್ಮಿ ಕೆಮ್ಮಿಯೇ ತೀರಿಕೊಂಡರು. ಹಾಗಾಗಿ ಈ ಸುಂಯ್ ಸದ್ದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಉಚ್ಚಂಗಮ್ಮನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೇಟು ಕಾಯುವ ಕೆಲಸ ಕೇಳಿದರು. "ಎದೆ ಕೆಟ್ಟೈತೆ ಅಂತ ಡಾಕ್ಟ್ರ ಕಾಗ್ದ ತಾರಮ್ಮ, ಕೊಡಿಸ್ತೀನಿ" ಎಂದರು ಮೇಸ್ತ್ರಿ ಪಂಚಾಕ್ಷರಪ್ಪ. ಸಾಯುತ್ತಿರುವುದನ್ನು ರುಜುವಾತು ಮಾಡಿದರೆ ಮಾತ್ರ ಬದುಕಲು ಬಿಡುತ್ತಾರೆ. ನೆನೆದರೆ ಮೈ ಉರಿಯುತ್ತದೆ.

ಕಳೆದ ವಾರ ಶ್ರೀರಾಂಪುರದಲ್ಲಿ ಶ್ವಾಸಕೋಶ ತಪಾಸಣೆಯ ಶಿಬಿರವಿತ್ತು. ಅವತ್ತು ಬೆಳಿಗ್ಗೆ ಕಾಫಿ, ಟೀ ಮುಟ್ಟಬೇಡಿ ಎಂದು ನರ್ಸ್ ಹೇಮಾವತಿ ಮೊದಲೇ ಹೇಳಿದ್ದರು. ಆದರೆ ದಾರಿಯಲ್ಲೇ ಅಕ್ಕ ಶಾಂತಕ್ಕನ ಮನೆ. ಒಳಗೆ ಹೋಗುತ್ತಲೇ ದೊಡ್ಡ ಲೋಟ ಮುಂದೆ ಬಂತು. ಅಕ್ಕ ಕೊಟ್ಟ ಕಾಫಿಯನ್ನು ಬೇಡವೆಂದರೆ ವರ್ಷಗಟ್ಟಲೆ ಮಾತು ಕೇಳಬೇಕು. ಸಾಲದ್ದಕ್ಕೆ, ಶಿಬಿರ ನಡೆಯುವ ಮಹಡಿಯ ಮೆಟ್ಟಿಲು ಬೇರೆ ಹತ್ತಬೇಕು. ಕುಡಿದೇಬಿಟ್ಟರು. ಉಸಿರಿನ ಬಲ ಅಳೆಯುವ ಯಂತ್ರದ ನಳಿಗೆಗೆ ಬಾಯಿಟ್ಟು ಊದಿದಾಗ, ಅಂಕಿ 'ಎದೆ ಕೆಟ್ಟಿದೆ' ಎಂದು ಬರೆದುಕೊಡುವ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ನಿಂತಿತು.

ಕಾಫಿ ಕೆಲವು ಗಂಟೆ ಉಸಿರಿನ ದಾರಿಯನ್ನು ತುಸು ಅಗಲಿಸುತ್ತದಂತೆ. ಎದೆಯಲ್ಲಿ ಕೂತ ಧೂಳನ್ನು ಅದೇನೂ ಮಾಡದು.

"ಕಾಫಿ ಕುಡ್ದು ಊದಿದ್ದನ್ನ ಬರೆಯಾಕೆ ಬರಲ್ಲಮ್ಮ. ಮುಂದಿನ ಶಿಬಿರಕ್ಕೆ ಬರ್ರಿ" ಎಂದರು, ಕಾಫಿಯ ವಿಷಯ ಕೇಳಿ ತಿಳಿದ ಹೇಮಾವತಿ. ಅದು ಇರುವುದು ಮೂರು ತಿಂಗಳ ನಂತರ. ಅಷ್ಟರಲ್ಲಿ ಇನ್ನೂ ಒಂಬತ್ತು ಸಾವಿರ ಪುಟ್ಟಿ ಹೊರಬೇಕು.

ಕ್ರಷರ್ ಗುಡುಗತೊಡಗುತ್ತದೆ. ಉಚ್ಚಂಗಮ್ಮ ಸೆರಗನ್ನು ಮೂಗಿಗೆ ಬಿಗಿದು, ಮೊಣಕಾಲ ಮೇಲೆ ಕೈಯೂರಿ ಏಳುತ್ತಾರೆ.

"ಮುಂದಿನ ಸಲ ಅಕ್ಕನ ಮನೆಗೆ ಹೋಗಲ್ಲ. ಮೆಟ್ಲು ಮ್ಯಾಲೆ ಹತ್ತು ಸಲ ಕುಂತ್ರೂ ಚಿಂತಿಲ್ಲ. ಆ ಕಾಗ್ದದಾಗೆ ನನ್ ಉಸ್ರು ಎಷ್ಟೈತೋ ಅಷ್ಟೇ ಬರೀಲಿ. ಕಾಫೀದು ಬ್ಯಾಡ."