ದೊಡ್ಡಪ್ಪನ ಮುಂದೆ ಓದಿದ ಪಾಟಿ

ಹೋದ ಸಲ ಬಂದಾಗ ಮೊಮ್ಮಕ್ಕಳು ನೀವು ಕೇಳಿದಿರಿ, "ಆಯಿ, ನೀ ಇಷ್ಟು ಚೆಂದ ಓದ್ತಿ, ಮೂರನೇ ಕ್ಲಾಸಿಗೇ ಸಾಲಿ ಯಾಕ ಬಿಟ್ಟಿ?" ಮನೆಯಲ್ಲಿ ಕೆಲಸವಿತ್ತು ಎಂದುಬಿಟ್ಟೆ. ಅದು ಸುಳ್ಳು. ಎದುರು ಕೂತು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆ ಬಿಟ್ಟು ಒಂದು ಹರದಾರಿ ಒಳಗೆ. ನಿಜಾಮನ ರಾಜ್ಯ ಹೋಗಿ ಎರಡು ಮೂರು ವರ್ಷವಾಗಿತ್ತು. ಊರಿನ ಪಾಟೀಲಕಿ ನಮ್ಮ ದೊಡ್ಡಪ್ಪನದು. ಅವರು ಕಲಿತದ್ದು ಉರ್ದು. ಹಳೆಯ ಕಾಗದಗಳನ್ನು ಗಳಗಳನೆ ಓದುವರು, ಕನ್ನಡದ ಒಂದಕ್ಷರ ಬಾರದು. ಈಗ ಲಿಂಗಸುಗೂರಿನ ಕಚೇರಿಯಿಂದ ಕನ್ನಡದ ಕಾಗದಗಳೇ ಬರತೊಡಗಿದವು. ಪಾಟೀಲನಾದವನು ಕಾಗದ ಹಿಡಿದುಕೊಂಡು ಇನ್ನೊಬ್ಬರ ಕಟ್ಟೆಗೆ ಹೋಗಿ ಓದಿಸಿಕೊಳ್ಳುವುದು ಹೇಗೆ? ಅದಕ್ಕಾಗಿ ನನ್ನನ್ನು ಶಾಲೆಗೆ ಹಾಕಿದರು. "ಹೆಣ್ಣ ಹುಡುಗಿ. ಬಾಯಿನೂ ಇಲ್ಲ. ಮನಿ ಮಾತು ಮನ್ಯಾಗ ಇರ್ತೈತಿ" ಎಂದು ದೊಡ್ಡವ್ವನಿಗೆ ಹೇಳಿದ್ದನ್ನು ನಾನೇ ಕೇಳಿದ್ದೆ.

ಶಾಲೆ ಎಂದರೆ ಹನುಮಪ್ಪನ ಗುಡಿಯ ಪಡಸಾಲೆ. ನಾವು ಮೇಲೆ ಕೂಡುತ್ತಿದ್ದೆವು. ಊರಾಚೆಯ ಕೇರಿಯ ಮಕ್ಕಳು ನಾಲ್ಕೈದು ಮಂದಿ ಮೆಟ್ಟಿಲ ಕೆಳಗೆ, ಬಿಸಿಲು ಬಂದರೆ ಬಿಸಿಲಲ್ಲೇ. ಅವರಲ್ಲಿ ಒಬ್ಬಳು ನಮ್ಮ ಎತ್ತುಗಳನ್ನು ನೋಡಿಕೊಳ್ಳುವವನ ಮಗಳು, ನನ್ನದೇ ವಯಸ್ಸು. ಹೊಸ ಗುರುಗಳು ಲಿಂಗಸುಗೂರಿನ ಕಡೆಯವರು, ತೆಳ್ಳಗೆ, ಮಾತು ಮೆತ್ತಗೆ. ಪುಸ್ತಕಗಳು ಇನ್ನೂ ಬಂದಿರಲಿಲ್ಲ. ಶನಿವಾರಕ್ಕೊಮ್ಮೆ ತಾವೇ ಎಂಟು ಸಾಲಿನ ಪಾಠ ಕಟ್ಟಿ ಬೋರ್ಡಿನ ಮೇಲೆ ಬರೆಯುವರು. ನಾವು ಪಾಟಿಯಲ್ಲಿ ಬರೆದುಕೊಂಡು, ಒರಸದೆ ಮನೆಗೆ ಒಯ್ದು, ಹಿರಿಯರಿಗೆ ಓದಿ ಹೇಳಬೇಕು. ಅಕ್ಷರ ಅಳಿಸಬಾರದೆಂದು ಪಾಟಿಯನ್ನು ಮೈಯಿಂದ ದೂರ ಹಿಡಿದು, ತುಂಬಿದ ಕೊಡ ಒಯ್ಯುವವರ ಹಾಗೆ ನಡೆಯುತ್ತಿದ್ದೆವು.

ಆ ಶನಿವಾರದ ಪಾಠ ದೇಶದ ಕಾನೂನು ಬರೆದ ದೊಡ್ಡವರದು. ಅವರ ಹೆಸರು ನಿಮಗೆ ಗೊತ್ತು, ನಾವು ಅಂದು ಮೊದಲ ಸಲ ಕೇಳಿದೆವು. ಅವರೂ ಸಣ್ಣವರಿದ್ದಾಗ ಶಾಲೆಯಲ್ಲಿ ಬೇರೆಯೇ ಕೂಡುತ್ತಿದ್ದರು, ಕೂಡುವ ಗೋಣಿತಟ್ಟನ್ನು ಮನೆಯಿಂದ ತರುತ್ತಿದ್ದರು ಎಂದು ಗುರುಗಳು ಓದಿದಾಗ ಕೆಳಗಿನಿಂದ ಅವಳ ದನಿ ಬಂತು.

"ಗುರುಗಳ, ಸಾಲಿ ಬಿಟ್ಟ ಮ್ಯಾಲ ಆ ತಟ್ಟು ಯಾರು ಒಯ್ತಿದ್ರು?"

"ಅವರ ಒಯ್ತಿದ್ರವ್ವ."

"ನಾನೂ ನಂದ ನಾನ ಒಯ್ತೀನ್ರಿ. ಇಲ್ಲೇ ಇಟ್ರ ನಾಯಿ ಮಲಗ್ತಾವ."

ಎಲ್ಲರೂ ನಕ್ಕೆವು. ಗುರುಗಳು ನಗಲಿಲ್ಲ. ಮೆಟ್ಟಿಲಿಳಿದು ಹೋಗಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೈ ಹಿಡಿದು ಬರೆಸಿದರು. ನಮ್ಮ ನಗೆ ನಿಂತುಹೋಯಿತು.

ನಾನು ಮನೆ ಮುಟ್ಟುವುದರೊಳಗೆ ಆ ಸುದ್ದಿ ಮನೆ ಮುಟ್ಟಿತ್ತು. ದೊಡ್ಡಪ್ಪ ಪಡಸಾಲೆಯಲ್ಲಿ ಕೂತಿದ್ದರು.

"ಬಾರವ್ವ. ಮಾಸ್ತರ ಆ ಹುಡುಗಿ ಕೈ ಹಿಡಿದು ಏನೋ ಬರಸ್ಯಾನಂತ. ಏನೈತಿ ಅದರಾಗ, ಓದು."

ಹಿಂದಿನ ಮಾಸ್ತರರು ದೊಡ್ಡಪ್ಪನಿಗೆ ಒಮ್ಮೆ ಎದುರಾಡಿದ್ದರು. ಮರುದಿನ ಅವರ ಟ್ರಂಕು, ಹಾಸಿಗೆ ಬಾವಿಯ ದಂಡೆಯ ಮೇಲೆ ಚೆಲ್ಲಾಡಿದ್ದವು. ತಲೆಗೆ ಟವೆಲ್ಲು ಬಿಗಿದುಕೊಂಡು ಅವರು ಅವನ್ನು ಆರಿಸುತ್ತಿದ್ದುದನ್ನು ನೋಡಿದ್ದೆ. ಟವೆಲ್ಲು ಕೆಂಪಾಗಿತ್ತು. ಈ ಪಾಠ ಓದಿದರೆ ಈ ಗುರುಗಳಿಗೂ ಅದೇ ಗತಿ.

"ಆಕಳು ಸಾಧು ಪ್ರಾಣಿ" ಎಂದೆ. "ಆಕಳಿಗೆ ನಾಲ್ಕು ಕಾಲುಗಳಿವೆ. ಆಕಳು ಹುಲ್ಲು ತಿನ್ನುತ್ತದೆ. ಆಕಳು ಹಾಲು ಕೊಡುತ್ತದೆ."

ದೊಡ್ಡಪ್ಪ ಪಾಟಿ ಇಸಿದುಕೊಂಡು ಸಾಲುಗಳ ಮೇಲೆ ಬೆರಳಾಡಿಸಿದರು. ಓದು ಬಾರದಿದ್ದರೇನು, ಎಣಿಸಲು ಬರುತ್ತಿತ್ತು.

"ಎಂಟು ಸಾಲು ಅದಾವು. ನೀ ನಾಕ ಓದಿದಿ."

"ಆಕಳಿಗೆ... ಬಾಲ ಐತಿ."

"ಮಾಸ್ತರ ಬಾಲ ಐತಿ ಅಂತ ಬರದಾನ?" ದೊಡ್ಡಪ್ಪ ನಕ್ಕರು. ಅಂಗಳದಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದವನನ್ನು ಕೂಗಿದರು. "ಏ, ನಿನ್ನ ಮಗಳನ್ನ ಕರಕೊಂಡು ಬಾ. ಪಾಟಿ ಒರಸಬಾರದು ಅನ್ನು."

ಅವಳು ಬರುವವರೆಗೆ ನಾನು ಕಂಬ ಹಿಡಿದು ನಿಂತಿದ್ದೆ. ನನ್ನ ಹಾಗೆಯೇ ಆಕಳು ಎನ್ನಲಿ ಎಂದು ಬೇಡಿಕೊಂಡೆ. ಅವಳಿಗೆ ಅದು ಗೊತ್ತಾಗುವುದಾದರೂ ಹೇಗೆ? ಅವಳು ಅಂಗಳದ ನಡುವೆ ನಿಂತಳು, ಪಾಟಿ ಎತ್ತಿ ಹಿಡಿದಳು, ಶಾಲೆಯಲ್ಲಿ ಓದುವ ದನಿಯಲ್ಲೇ ಎಂಟೂ ಸಾಲು ಓದಿದಳು. ಕೊನೆಯ ಮೂರು ನನಗೆ ಇವತ್ತಿಗೂ ಬಾಯಿಪಾಠ. "ಅವರು ನಮ್ಮ ದೇಶದ ಕಾನೂನು ಬರೆದರು. ಮುಟ್ಟಬಾರದೆಂದು ಯಾರನ್ನೂ ದೂರ ಇಡುವಂತಿಲ್ಲ. ಇದು ಆ ಕಾನೂನಿನಲ್ಲಿದೆ."



"ನಮ್ಮ ಹುಡುಗಿ ಆಕಳಾ ಅಂತಾಳ. ಈಕಿ ಕಾನೂನಾ ಅಂತಾಳ" ಎಂದರು ದೊಡ್ಡಪ್ಪ. "ಇಬ್ಬರೊಳಗ ಒಬ್ಬಾಕಿ ಸುಳ್ಳು ಹೇಳಾಕತ್ಯಾಳ."

ಅವಳ ಅಪ್ಪ ಮುಂದೆ ಬಂದ. "ತಪ್ಪಾತ್ರೀ ಧಣಿ. ನಮ್ಮಾಕೀದ ಸುಳ್ಳರೀ. ಆಕಿಗೆ ಓದಾಕ ಎಲ್ಲಿ ಬರ್ತದ್ರಿ" ಎಂದು ಮಗಳ ಕೆನ್ನೆಗೆ ಹೊಡೆದ. ಪಾಟಿ ಕೆಳಗೆ ಬಿತ್ತು.

"ಬರ್ತೈತಿ" ಎಂದಳು ಅವಳು. ಅವನು ಮತ್ತೆ ಕೈ ಎತ್ತಿದ. ಅವಳು ನನ್ನ ಕಡೆ ನೋಡಿದಳು. ನಾನು ಏನು ಯೋಚಿಸಿದೆನೋ ತಿಳಿಯದು, ಬಹುಶಃ ಏನೂ ಇಲ್ಲ.

"ದೊಡ್ಡಪ್ಪ, ಆಕಿ ಖರೇ ಓದ್ಯಾಳ. ನಾನ ಸುಳ್ಳು ಓದೀನಿ."

ನನಗೆ ಏಟು ಬೀಳಲಿಲ್ಲ. ಬಿದ್ದಿದ್ದರೆ ಅಂಜಿಕೆ ಅಲ್ಲಿಗೇ ಮುಗಿಯುತ್ತಿತ್ತೇನೋ. ದೊಡ್ಡಪ್ಪ ಎದ್ದು ಒಳಗೆ ಹೋದರು. ಊಟಕ್ಕೂ ಏಳಲಿಲ್ಲ. ಗುರುಗಳ ಟ್ರಂಕು ಬಾವಿಯ ದಂಡೆಗೆ ಬೀಳುವುದನ್ನು ನಾನು ದಿನವೂ ಕಾಯುತ್ತಿದ್ದೆ. ಬೀಳಲಿಲ್ಲ. ಕಾನೂನು ಎಂಬ ಮಾತಿಗೆ ದೊಡ್ಡಪ್ಪನೂ ಅಂಜಿದ್ದರೆಂದು ಈಗ ಅನಿಸುತ್ತದೆ. ರಾಜ್ಯವೇ ಬಿದ್ದದ್ದನ್ನು ಕಣ್ಣಾರೆ ಕಂಡವರು ಅವರು.

ಮುಂದಿನ ವಾರ ಕಚೇರಿಯಿಂದ ಕಾಗದ ಬಂತು. ರೂಢಿಯಂತೆ ನನ್ನ ಕೈಗೆ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ ವಾಪಸು ಇಸಿದುಕೊಂಡರು.

"ನೀ ಓದಿದ್ದು ಖರೇ ಅಂತ ಹೆಂಗ ನಂಬಲಿ? ಒಳಗ ಹೋಗು. ನಾಳಿಂದ ಸಾಲಿಗೆ ಹೋಗೂದು ಬ್ಯಾಡ."

ಅಷ್ಟಕ್ಕೇ ಶಾಲೆ ಮುಗಿಯಿತು. ಅವ್ವ ನನ್ನ ಕೈಗೆ ಮೊರ ಕೊಟ್ಟಳು.

ಆಮೇಲೆ ದೊಡ್ಡಪ್ಪ ಮಾಡಿದ್ದನ್ನು ಯಾರೂ ನಂಬುವುದಿಲ್ಲ. ಎತ್ತಿನವನ ಮಗಳನ್ನು ಕರೆಸಿದರು. ಕಾಗದವನ್ನು ಅಂಗಳದ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದರು. ಅವಳು ಬಂದು ಎತ್ತಿಕೊಂಡು ಓದಿದಳು. ಓದಿ ಮತ್ತೆ ಕಲ್ಲಿನ ಮೇಲೆ ಇಟ್ಟಳು. ಆ ಕಾಗದಕ್ಕೆ ನೀರು ಚಿಮುಕಿಸಿ ಒಳಗೆ ತರುವುದು ದೊಡ್ಡವ್ವನ ಪಾಲಿಗೆ ಬಂತು. "ಶಾಯಿ ಕಲಸೀತು, ಸಾವಕಾಶ" ಎಂದು ದೊಡ್ಡಪ್ಪ ಗದರುವರು. ಮುಟ್ಟಬಾರದವಳ ಬಾಯಿಂದ ಸರ್ಕಾರದ ಮಾತು ಕೇಳಬಹುದು, ಅವಳು ಹಿಡಿದ ಕಾಗದವನ್ನು ನೀರು ಚಿಮುಕಿಸದೆ ಹಿಡಿಯಬಾರದು.

ಅವಳು ಓದುವಾಗಲೆಲ್ಲ ನಾನು ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಒಮ್ಮೆ ಒಂದು ದೊಡ್ಡ ಮಾತಿಗೆ ಅವಳ ನಾಲಗೆ ತೊಡರಿತು. ಎರಡು ಸಲ ಓದಲು ನೋಡಿ ನಿಂತಳು. ದೊಡ್ಡಪ್ಪ ಗಂಟಲು ಕೆರೆದರು. ಅದು "ತಹಸೀಲ್ದಾರರವರ ಸಮಕ್ಷಮ" ಎಂದಿರುತ್ತದೆ. ಅಂಥ ಕಾಗದಗಳನ್ನು ನಾನು ಎಷ್ಟೋ ಸಲ ಓದಿದ್ದೆ. ಬಾಗಿಲ ಸಂದಿಯಿಂದ ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಹೇಳಿಕೊಟ್ಟರೆ ದೊಡ್ಡಪ್ಪ ಅವಳ ಓದನ್ನೂ ನಂಬಲಾರರೆಂದು ಬಾಯಿಗೆ ಕೈ ಒತ್ತಿಕೊಂಡು ನಿಂತೆ. ಅವಳೇ ಒಂದೊಂದಕ್ಷರ ಕೂಡಿಸಿಕೊಂಡು, ಮೂರನೆಯ ಸಲಕ್ಕೆ, ಪೂರ್ತಿ ಓದಿದಳು.