ಸಾಕೆಟ್ಟಿನ ಬೀಗ ಮತ್ತು ಲ್ಯಾಬ್ ಮೇಡಂ

ಮೊನ್ನೆ ಬೀರು ಜೋಡಿಸುವಾಗ ಒಂದು ಫ್ಲಾಪಿ ಸಿಕ್ಕಿತು. ಮೂಸಿದೆ... ಹಳೇ ಪ್ಲಾಸ್ಟಿಕ್ಕು, ಅರಸೀಕೆರೆಯ ನಮ್ಮ ಕಂಪ್ಯೂಟರ್ ಲ್ಯಾಬಿನ ಧೂಳು. ಚೀಟಿಯ ಮೇಲೆ ಲ್ಯಾಬ್ ಮೇಡಂ ಅವರ ದುಂಡು ಅಕ್ಷರ: ‘ಬಸ್ತಿಹಳ್ಳಿ ಕಂಬ’. ಎದೆ ಧಸಕ್ ಎಂದಿತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಿನಾ ಧಸಕ್ ಎನ್ನುವ ಎದೆ ಇದು. ಆದರೆ ಈ ಸಲದ್ದು ಬೇರೆ.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಖಾಸಗಿ ಕಾಲೇಜೊಂದರ ಹೊಸ ಮೇಷ್ಟ್ರು. ಬಾಣಾವರದಿಂದ ರೈಲಿನಲ್ಲಿ ಬರುತ್ತಿದ್ದ ಲ್ಯಾಬ್ ಮೇಡಂ, ವರ್ಷವರ್ಷವೂ ಹೊಸ ನೇಮಕದ ಆರ್ಡರಿಗೆ ಕಾಯಬೇಕಾದ ತಾತ್ಕಾಲಿಕ ಸಹಾಯಕಿ. ಕಾಲೇಜಿನ ತಪಾಸಣೆಗೆ ಬರುವವರಿಗೆ ತೋರಿಸಲು ನಾನೊಂದು ಪ್ರೋಗ್ರಾಂ ಬರೆದಿದ್ದೆ. ಸಾಕೆಟ್ ಅಂದರೆ ಎರಡು ಕಂಪ್ಯೂಟರುಗಳ ನಡುವೆ ಮಾಹಿತಿ ಹೋಗುವ ಬಾಗಿಲು; ಆ ಬಾಗಿಲು ನೋಡಿಕೊಳ್ಳುವುದು ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ನನ್ನ ಪ್ರೋಗ್ರಾಮಿನ ಒಂದು ಭಾಗ ಫ್ಲಾಪಿಯಿಂದ ನೇರವಾಗಿ ಬಸ್ತಿಹಳ್ಳಿ ಬಸದಿಯ ಕಂಬದ ಚಿತ್ರವನ್ನು ಆ ಬಾಗಿಲಿಗೆ ಕಳಿಸಬೇಕು. ಇನ್ನೊಂದು ಭಾಗ ಅದೇ ಬಾಗಿಲಲ್ಲಿ ಗಡಿಯಾರದ ಸಮಯ ಕಳಿಸಬೇಕು. ಸಾಕೆಟ್ಟನ್ನು ‘ನಾನ್-ಬ್ಲಾಕಿಂಗ್’ ಮಾಡಿದ್ದೆ. ಇನ್ನು ಯಾವುದೂ ಯಾವುದಕ್ಕೂ ಕಾಯುವುದಿಲ್ಲ ಎಂಬುದು ನನ್ನ ನಂಬಿಕೆ.

ಮೇಡಂ ಇಣುಕಿ ನೋಡಿ ನಕ್ಕರು. “ಕಾಯಲ್ಲ ಅಂತ ನೀವ್ ಬರ್ಕೊಂಡ್ರೆ ಆಯ್ತಾ ಸರ್? ಒಬ್ರು ಕಳಿಸ್ತಿರೋವಾಗ ಒಳಗೆ ಕರ್ನಲ್ ಆ ಸಾಕೆಟ್‌ಗೆ ಬೀಗ ಹಾಕ್ಕೊಂಡಿರ್ತೈತೆ. ಫ್ಲಾಪಿ ತಿಣುಕ್ತಾ ಕೂತ್ರೆ ಬೀಗ ಬಿಡಲ್ಲ, ನಿಮ್ ಗಡಿಯಾರನೂ ನಿಂತೋಗ್ತೈತೆ. ಚಿತ್ರ ಮೊದ್ಲು ಮೆಮೊರಿಗೆ ತಗೊಳ್ಳಿ.”

“ಪುಸ್ತಕದಲ್ಲಿ ಹಾಗಿಲ್ಲ ಮೇಡಂ,” ಎಂದೆ.

“ಪುಸ್ತಕದಲ್ಲಿ ನಮ್ ಫ್ಲಾಪಿನೂ ಇಲ್ವಲ್ಲ ಸರ್!”

ನಾನು ಏನೂ ಬದಲಿಸಲಿಲ್ಲ. ತಪಾಸಣೆಯ ದಿನ ಪರದೆಯ ಮೇಲೆ ಕಂಬ ಅರ್ಧ ಮೂಡಿತು. ಫ್ಲಾಪಿ ಕರಕರ ಎಂದಿತು. ಗಡಿಯಾರ ಹನ್ನೊಂದು ಇಪ್ಪತ್ತಕ್ಕೇ ನಿಂತಿತು. ಪ್ರಿನ್ಸಿಪಾಲರು ನನ್ನತ್ತ ತಿರುಗಿದರು. “ಫ್ಲಾಪಿ, ಕೇಬಲ್ಲು ಎಲ್ಲಾ ಲ್ಯಾಬ್ ಮೇಡಂ ನೋಡ್ಕೊಳ್ಳೋದು ಸರ್,” ಎಂದುಬಿಟ್ಟೆ. ಪೂರ್ತಿ ಸುಳ್ಳಲ್ಲ, ಅದಕ್ಕೇ ಇನ್ನೂ ಹೊಲಸು. ಮೇಡಂ ಫ್ಲಾಪಿ ಹೊರತೆಗೆದು ನನ್ನ ಕೈಗಿಟ್ಟರು. ಬೀಗದ ಮಾತೆತ್ತಲಿಲ್ಲ. ಆ ವರ್ಷ ಅವರಿಗೆ ಆರ್ಡರ್ ಬರಲಿಲ್ಲ...

ಕರ್ನಲ್ಲಿನ ಸೋರ್ಸ್ ಕೋಡ್ ತೆಗೆದು ಓದುವ ಧೈರ್ಯ ಬಂದದ್ದು ಎಷ್ಟೋ ವರ್ಷದ ಮೇಲೆ. ಅವರು ಹೇಳಿದ ಬೀಗ ಹೇಳಿದ ಜಾಗದಲ್ಲೇ ಇತ್ತು. ಬಾಣಾವರಕ್ಕೆ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಸ್ಟೇಷನ್ನಿನವರೆಗೆ ಹೋಗುವುದು, ಏನಂದುಕೊಳ್ಳುತ್ತಾರೋ ಎಂದು ಹಿಂತಿರುಗುವುದು... ಹೀಗೇ ಆಯಿತು. ಹೋದ ವರ್ಷ ಅವರು ತೀರಿಕೊಂಡರೆಂದು ತಿಳಿಯಿತು.

ಈಗ ಈ ಪಾಠ ಮಾಡುವಾಗಲೆಲ್ಲ, ಒಂದು ತಪಾಸಣೆಗೆ ಮುಂಚೆ ನಮ್ಮ ಲ್ಯಾಬ್ ಮೇಡಂ ಇದನ್ನು ಹೇಳಿಕೊಟ್ಟರು ಎನ್ನುತ್ತೇನೆ. “ಆಮೇಲೆ ತಪಾಸಣೆ ಏನಾಯ್ತು ಸರ್?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ನಾನು ಬೋರ್ಡ್ ಒರೆಸುತ್ತೇನೆ.